ಹೆಸರಿಲ್ಲದ ಪೆಟ್ಟಿಗೆಯೊಳಗಿನ ಎಂಜಿನಿಯರ್: ಅಲನ್ ಬ್ಲೂಮ್‌ಲೈನ್

ಪಡುಬಿದ್ರಿ ದಾಟಿ ಉಚ್ಚಿಲ, ಅಲ್ಲಿಂದ ಕಾಪು. ಈ ದಾರಿಯಲ್ಲಿ ಹೆದ್ದಾರಿ ಬಿಟ್ಟು ಕಡಲಿನ ಬದಿಗೆ ಇಳಿದರೆ ಹಂಚಿನ ಮನೆಗಳು ಇನ್ನೂ ಅಲ್ಲೊಂದು ಇಲ್ಲೊಂದು ಸಿಗುತ್ತವೆ. ಒಂದು ಕಾಲದಲ್ಲಿ ಇಲ್ಲಿನ ಮನೆಮನೆಯಿಂದ ಒಬ್ಬರಾದರೂ ಬೊಂಬಾಯಿಗೆ ದುಡಿಯಲು ಹೋದವರೇ. ಹೋದವರು ವರ್ಷಕ್ಕೊಮ್ಮೆ ಊರಿಗೆ ಬರುವಾಗ ಟ್ರಂಕು, ಗಡಿಯಾರ, ಹೊಲಿಗೆ ಮಿಷನ್ ಜೊತೆಗೆ ತಂದ ಇನ್ನೊಂದು ವಸ್ತು ರೇಡಿಯೋ. ಸ್ವಲ್ಪ ಅನುಕೂಲ ಇದ್ದವರು ತಂದದ್ದು ಮೇಲೆ ಮುಚ್ಚಳ ಇರುವ, ಒಳಗೆ ರೆಕಾರ್ಡ್ ಪ್ಲೇಯರ್ ಕೂತಿರುವ ಮರದ ದೊಡ್ಡ ಪೆಟ್ಟಿಗೆ, ಅಂದರೆ ರೇಡಿಯೋಗ್ರಾಮ್. ಚಾವಡಿಯ ಮೂಲೆಯಲ್ಲಿ ಕ್ರೋಶಾ ಬಟ್ಟೆ ಹೊದ್ದು ಕೂತಿದ್ದ ಆ ಪೆಟ್ಟಿಗೆ ಈಗ ಅಟ್ಟ ಸೇರಿದೆ, ಇಲ್ಲವೇ ಗುಜರಿಯವನ ಟೆಂಪೋ ಹತ್ತಿದೆ.

ಇಂಥ ಪೆಟ್ಟಿಗೆ ಕಂಡಾಗ ನಾವು ಮೊದಲು ಹುಡುಕುವುದು ಕಂಪನಿಯ ಹೆಸರನ್ನು. ಮುಂದಿನ ಬಟ್ಟೆಯ ಮೇಲಿನ ಹಿತ್ತಾಳೆ ಅಕ್ಷರ ಕಳಚಿ ಬಿದ್ದಿದ್ದರೆ ಅಲ್ಲಿಗೆ ಹುಡುಕಾಟ ಮುಗಿಯಿತು ಅಂತ ಸುಮ್ಮನಾಗುತ್ತೇವೆ. ಆದರೆ ಅದು ವಾಲ್ವ್ ಸ್ಟೀರಿಯೋ ಆಗಿದ್ದರೆ, ಮುಂದೆ ಯಾವ ಹೆಸರೇ ಇರಲಿ, ಒಳಗೆ ಒಬ್ಬನೇ ಮನುಷ್ಯನ ಕೈಗುರುತು ಒಂದು ಕಡೆಯಾದರೂ ಸಿಗುತ್ತದೆ. ಅವನು ಯಾವ ಪೆಟ್ಟಿಗೆಯ ಮೇಲೂ ತನ್ನ ಹೆಸರು ಹಾಕಿಸಿಕೊಂಡವನಲ್ಲ. ನಮ್ಮ ಅನಲಾಗ್ ಲ್ಯಾಬಿನಲ್ಲಿ ನಾವು ಬೈದುಕೊಂಡು ಮಾಡುವ ಡಿಫರೆನ್ಷಿಯಲ್ ಆಂಪ್ಲಿಫೈಯರ್ ಪ್ರಯೋಗದಲ್ಲೂ ಅವನಿದ್ದಾನೆ, ಮ್ಯಾನುವಲ್‌ನಲ್ಲಿ ಹೆಸರಿಲ್ಲ ಅಷ್ಟೆ. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಅವನ ಕಥೆ: ಅಲನ್ ಡವರ್ ಬ್ಲೂಮ್‌ಲೈನ್.

ಬೆಲ್ ರಿಪೇರಿಗೆ ಬಿಲ್

ಬ್ಲೂಮ್‌ಲೈನ್ ಹುಟ್ಟಿದ್ದು 1903ರ ಜೂನ್ 29ರಂದು, ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ. ತಂದೆ ಸೆಮ್ಮಿ ಜರ್ಮನಿಯಿಂದ ಬಂದು ಬ್ರಿಟಿಷ್ ಪ್ರಜೆಯಾದವರು. ತಾಯಿ ಜೆಸ್ಸಿ, ದಕ್ಷಿಣ ಆಫ್ರಿಕಾದಲ್ಲಿದ್ದ ಸ್ಕಾಟಿಷ್ ಪಾದ್ರಿಯೊಬ್ಬರ ಮಗಳು. ಹುಡುಗನಿಗೆ ಏಳು ವರ್ಷ ಇರುವಾಗ ಮನೆಯ ಕರೆಗಂಟೆ ಕೆಟ್ಟಿತಂತೆ. ಅದನ್ನು ರಿಪೇರಿ ಮಾಡಿದ್ದಲ್ಲದೆ ಅಪ್ಪನಿಗೆ ಒಂದು ಬಿಲ್ಲನ್ನೂ ಬರೆದುಕೊಟ್ಟ. ಕೆಳಗೆ ಸಹಿ, ಸಹಿಯ ಜೊತೆಗೆ ಎಲೆಕ್ಟ್ರಿಕಲ್ ಎಂಜಿನಿಯರ್ ಎಂಬ ಪದವಿ! ನಾವೆಲ್ಲ ನಾಲ್ಕು ವರ್ಷ ಓದಿ, ಬ್ಯಾಕ್‌ಲಾಗ್ ಕ್ಲಿಯರ್ ಮಾಡಿ ಪಡೆಯುವ ಪದವಿಯನ್ನು ಅವನು ಏಳನೇ ವಯಸ್ಸಿಗೇ ತೆಗೆದುಕೊಂಡುಬಿಟ್ಟಿದ್ದ.

ಓದಿನಲ್ಲಿ ಮಾತ್ರ ಅಂಥ ಜೋರೇನೂ ಇರಲಿಲ್ಲ. ಹನ್ನೆರಡು ವರ್ಷ ಆಗುವ ತನಕ ಅವನಿಗೆ ಸರಾಗವಾಗಿ ಓದಲು ಬರುತ್ತಿರಲಿಲ್ಲ ಅಂತ ಅವನ ಅಕ್ಕ ಮುಂದೆ ನೆನಪಿಸಿಕೊಂಡಿದ್ದಾರೆ. ಲೆಕ್ಕ ಮಾತ್ರ ನೀರು ಕುಡಿದಷ್ಟು ಸುಲಭ. 1914ರಲ್ಲಿ ತಂದೆ ತೀರಿಕೊಂಡರು, ಅದೇ ಹೊತ್ತಿಗೆ ಮೊದಲ ಮಹಾಯುದ್ಧ ಶುರುವಾಯಿತು. ಹುಡುಗ ಹೈಗೇಟ್ ಶಾಲೆ ಮುಗಿಸಿ, ಸ್ಕಾಲರ್‌ಶಿಪ್ ಪಡೆದು 1921ರಲ್ಲಿ ಸಿಟಿ ಅಂಡ್ ಗಿಲ್ಡ್ಸ್ ಎಂಜಿನಿಯರಿಂಗ್ ಕಾಲೇಜು ಸೇರಿದ. ನಮ್ಮಲ್ಲಿ ಡಿಪ್ಲೊಮಾದವರು ಲ್ಯಾಟರಲ್ ಎಂಟ್ರಿಯಲ್ಲಿ ಬರುವ ಹಾಗೆ ನೇರ ಎರಡನೇ ವರ್ಷಕ್ಕೆ ಸೇರಿ, ಎರಡೇ ವರ್ಷದಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಹೊರಬಿದ್ದ.

ಬೇರೆಯವರ ಪೇಟೆಂಟಿಗೆ ಬಳಸುದಾರಿ

1924ರಲ್ಲಿ ಬ್ಲೂಮ್‌ಲೈನ್ ಇಂಟರ್‌ನ್ಯಾಷನಲ್ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ ಸೇರಿದರು. ಕೆಲಸ ಟೆಲಿಫೋನಿನದು. ದೂರದ ಊರುಗಳ ನಡುವೆ ಎಳೆದ ಕೇಬಲ್ಲಿನಲ್ಲಿ ಒಂದು ಜೋಡಿ ತಂತಿಯ ಮಾತು ಪಕ್ಕದ ಜೋಡಿಗೆ ಸೋರುತ್ತಿತ್ತು. ನಾವು ಕಮ್ಯುನಿಕೇಷನ್ ಪೇಪರಿನಲ್ಲಿ ಓದುವ ಕ್ರಾಸ್‌ಟಾಕ್ ಇದೇ. ಅದನ್ನು ಕಡಿಮೆ ಮಾಡುವ ಲೋಡಿಂಗ್ ಕಾಯಿಲ್ ಅವರ ಮೊದಮೊದಲ ಪೇಟೆಂಟುಗಳಲ್ಲಿ ಒಂದು. ಮನುಷ್ಯನ ಕಿವಿ ಯಾವ ಫ್ರೀಕ್ವೆನ್ಸಿಯನ್ನು ಎಷ್ಟು ಕೇಳಿಸಿಕೊಳ್ಳುತ್ತದೆ ಅನ್ನುವುದನ್ನೂ ಇಲ್ಲಿ ಅಳೆದರು. ತಂತಿಯಲ್ಲಿ ಹೋಗುವ ಸಿಗ್ನಲ್ಲೂ ಗೊತ್ತು, ಅದು ಕೊನೆಗೆ ತಲುಪುವ ಕಿವಿಯೂ ಗೊತ್ತು. ಈ ಎರಡು ತಿಳಿವಳಿಕೆ ಮುಂದೆ ಒಟ್ಟಿಗೆ ಕೆಲಸಕ್ಕೆ ಬಂತು.

1929ರಲ್ಲಿ ಅವರು ಕೊಲಂಬಿಯಾ ಗ್ರಾಫೋಫೋನ್ ಕಂಪನಿಗೆ ಬಂದರು. ಅಲ್ಲಿ ಮೇಲಧಿಕಾರಿ ಐಸಾಕ್ ಶೋನ್‌ಬರ್ಗ್, ರಷ್ಯಾದಿಂದ ಬಂದ ಎಂಜಿನಿಯರ್. ಹೊಸ ಹುಡುಗನಿಗೆ ಅವರು ಕೊಟ್ಟ ಕೆಲಸ ಸಣ್ಣದೇನಲ್ಲ. ಆಗ ವಿದ್ಯುತ್ತಿನಿಂದ ರೆಕಾರ್ಡ್ ಕೊರೆಯುವ ಯಂತ್ರದ ಪೇಟೆಂಟ್ ಅಮೆರಿಕದ ಬೆಲ್ ಮತ್ತು ವೆಸ್ಟರ್ನ್ ಎಲೆಕ್ಟ್ರಿಕ್ ಬಳಗದ ಕೈಯಲ್ಲಿತ್ತು. ಕೊಲಂಬಿಯಾ ಅದಕ್ಕಾಗಿ ರಾಯಲ್ಟಿ ಕಟ್ಟುತ್ತಿತ್ತು. ಆ ಪೇಟೆಂಟನ್ನು ಮುಟ್ಟದೆ ಅದೇ ಕೆಲಸ ಮಾಡುವ ಯಂತ್ರ ಬೇಕಿತ್ತು. ಹಳೆಯದರಲ್ಲಿ ಕಬ್ಬಿಣದ ತುಂಡು ಅಲುಗಾಡಿ ಗೆರೆ ಕೊರೆಯುತ್ತಿತ್ತು. ಬ್ಲೂಮ್‌ಲೈನ್ ಮತ್ತು ಹರ್ಬರ್ಟ್ ಹೋಲ್ಮನ್ ಅದರ ಬದಲು ಕಾಯಿಲನ್ನೇ ಅಲುಗಾಡಿಸಿದರು. ರಾಯಲ್ಟಿ ಉಳಿಯಿತು, ಸಾಲದ್ದಕ್ಕೆ ಧ್ವನಿಯೂ ಮೊದಲಿಗಿಂತ ಚೆನ್ನಾಯಿತು.

1931ರಲ್ಲಿ ಆರ್ಥಿಕ ಕುಸಿತದ ಹೊಡೆತಕ್ಕೆ ಕೊಲಂಬಿಯಾ ಮತ್ತು ನಾಯಿಯ ಚಿತ್ರದ ಎಚ್‌ಎಂವಿ ಲೇಬಲ್ಲಿನ ಒಡೆಯನಾದ ಗ್ರಾಮೋಫೋನ್ ಕಂಪನಿ ಒಂದಾಗಿ ಇಎಂಐ ಆಯಿತು. ಬ್ಲೂಮ್‌ಲೈನ್ ಇಎಂಐಯ ಹೇಯ್ಸ್ ಪ್ರಯೋಗಾಲಯಕ್ಕೆ ಬಂದರು. ಉಳಿದ ಆಯುಷ್ಯವೆಲ್ಲ ಅಲ್ಲಿಯೇ.

ಸಿನಿಮಾದಲ್ಲಿ ತಪ್ಪಿದ ದಿಕ್ಕು

ಮಾತಿನ ಸಿನಿಮಾ ಆಗ ಹೊಸತು. 1931ರಲ್ಲಿ ಒಮ್ಮೆ ಬ್ಲೂಮ್‌ಲೈನ್ ತಾವು ಮುಂದೆ ಮದುವೆಯಾಗಲಿದ್ದ ಡೊರೀನ್ ಜೊತೆ ಸಿನಿಮಾಕ್ಕೆ ಹೋಗಿದ್ದರು. ಪರದೆಯಲ್ಲಿ ನಟ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯುತ್ತಾನೆ, ಧ್ವನಿ ಮಾತ್ರ ಸ್ಪೀಕರ್ ಇದ್ದ ಜಾಗ ಬಿಟ್ಟು ಕದಲುವುದಿಲ್ಲ. ಕುರುಡನೊಬ್ಬ ಕೂತರೆ ನಟ ಎಲ್ಲಿದ್ದಾನೆ ಅಂತ ಹೇಗೆ ತಿಳಿಯಬೇಕು? ಇದನ್ನು ಸರಿಮಾಡುವ ದಾರಿ ತನಗೆ ಹೊಳೆದಿದೆ ಅಂತ ಅವರು ಡೊರೀನ್‌ಗೆ ಅಲ್ಲೇ ಹೇಳಿದರಂತೆ.

ಯಕ್ಷಗಾನದ ಮುಂದೆ ಕೂತು ಕಣ್ಣು ಮುಚ್ಚಿ ನೋಡಿ. ಚೆಂಡೆ ಯಾವ ಬದಿ, ಭಾಗವತರು ಎಲ್ಲಿ, ವೇಷ ಎತ್ತ ಹಾರಿತು ಎಲ್ಲ ಗೊತ್ತಾಗುತ್ತದೆ. ಹೇಗೆ? ನಮ್ಮ ಎರಡು ಕಿವಿಗಳ ನಡುವೆ ಸುಮಾರು 20 ಸೆಂಟಿಮೀಟರ್ ಅಂತರ. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಭಾಗಿಸಿ ನೋಡಿದರೆ, ಪೂರ್ತಿ ಬಲಬದಿಯಿಂದ ಬಂದ ಸದ್ದು ಎಡಗಿವಿಗೆ 0.6 ಮಿಲಿಸೆಕೆಂಡ್‌ನಷ್ಟು ತಡವಾಗಿ ತಲುಪುತ್ತದೆ. ಜೊತೆಗೆ ತಲೆ ಅಡ್ಡ ಬರುವುದರಿಂದ ಸ್ವಲ್ಪ ಮೆತ್ತಗೂ ಆಗುತ್ತದೆ. ಈ ಪುಟ್ಟ ವ್ಯತ್ಯಾಸ ಹಿಡಿದು ಮಿದುಳು ದಿಕ್ಕು ಹೇಳುತ್ತದೆ.

ಇಲ್ಲಿ ಒಂದು ತೊಡಕಿದೆ. ಎರಡು ಮೈಕ್ ಇಟ್ಟು ಎರಡು ಸ್ಪೀಕರಿಗೆ ಕೊಟ್ಟರೆ ಆಯಿತಲ್ಲ ಅನಿಸಬಹುದು. ಆದರೆ ಹೆಡ್‌ಫೋನಿನ ಹಾಗಲ್ಲ, ಸ್ಪೀಕರ್ ಎದುರು ಕೂತಾಗ ಎರಡೂ ಸ್ಪೀಕರಿನ ಸದ್ದು ಎರಡೂ ಕಿವಿಗೆ ಬೀಳುತ್ತದೆ. ಮೈಕ್ ಹಿಡಿದ ಸಮಯದ ವ್ಯತ್ಯಾಸ ಅಲ್ಲಿ ಕಲಸಿಹೋಗುತ್ತದೆ. ಬ್ಲೂಮ್‌ಲೈನ್ ಲೆಕ್ಕ ಹಾಕಿ ಕಂಡುಕೊಂಡದ್ದು ಇದು: ಸ್ಪೀಕರುಗಳಿಗೆ ಜೋರಿನ ವ್ಯತ್ಯಾಸ ಮಾತ್ರ ಕೊಡಿ. ಎರಡೂ ಸದ್ದು ಕಿವಿಯ ಹತ್ತಿರ ಕೂಡಿದಾಗ ಅದೇ ವ್ಯತ್ಯಾಸ ಸಮಯದ ವ್ಯತ್ಯಾಸವಾಗಿ ಬದಲಾಗುತ್ತದೆ, ಅದೂ ತಗ್ಗಿನ ಫ್ರೀಕ್ವೆನ್ಸಿಗಳಲ್ಲಿ, ಮಿದುಳಿಗೆ ಅದು ಬೇಕಾದ ಕಡೆಯೇ. ಆಗ ಮೈಕುಗಳನ್ನು ದೂರ ದೂರ ಇಡುವ ಅಗತ್ಯವೂ ಇಲ್ಲ. ಎಂಟರ ಆಕಾರದಲ್ಲಿ ಸದ್ದು ಹಿಡಿಯುವ ಎರಡು ಮೈಕನ್ನು ಒಂದೇ ಜಾಗದಲ್ಲಿ, ಒಂದಕ್ಕೊಂದು 90 ಡಿಗ್ರಿ ತಿರುಗಿಸಿ ಇಟ್ಟರೆ ಸಾಕು. ಇವತ್ತಿಗೂ ರೆಕಾರ್ಡಿಂಗ್ ಮಾಡುವವರು ಇದನ್ನು ಬ್ಲೂಮ್‌ಲೈನ್ ಜೋಡಿ ಅಂತಲೇ ಕರೆಯುತ್ತಾರೆ.

ಇನ್ನು ಉಳಿದದ್ದು ರೆಕಾರ್ಡಿನ ಪ್ರಶ್ನೆ. ಗೆರೆ ಒಂದೇ, ಸೂಜಿಯೂ ಒಂದೇ, ಸಿಗ್ನಲ್ ಎರಡು. ಗೆರೆ ಅಂದರೆ ಇಂಗ್ಲಿಷಿನ ವಿ ಅಕ್ಷರದ ಆಕಾರದ ಕಣಿವೆ. ಅದಕ್ಕೆ ಎರಡು ಗೋಡೆ. ಎಡ ಚಾನೆಲ್ಲನ್ನು ಒಂದು ಗೋಡೆಗೆ, ಬಲದ್ದನ್ನು ಇನ್ನೊಂದು ಗೋಡೆಗೆ ಬರೆದರೆ ಹೇಗೆ? ಎರಡೂ ಗೋಡೆ ತಟ್ಟೆಯ ಮೇಲ್ಮೈಗೆ 45 ಡಿಗ್ರಿ, ಒಂದಕ್ಕೊಂದು 90 ಡಿಗ್ರಿ. ಲಂಬ ದಿಕ್ಕಿನ ಎರಡು ಚಲನೆ ಒಂದನ್ನೊಂದು ಕೆಡಿಸುವುದಿಲ್ಲ. ಮೊದಲ ಸೆಮಿಸ್ಟರಿನ ವೆಕ್ಟರ್ ಪಾಠ ಇಷ್ಟೇ. ಇದರಲ್ಲಿ ಇನ್ನೂ ಒಂದು ಲಾಭವಿದೆ. ಸೂಜಿಯ ಅಡ್ಡ ಅಲುಗಾಟ ಎರಡೂ ಚಾನೆಲಿನ ಮೊತ್ತವಾಗಿಯೂ ಮೇಲೆ-ಕೆಳಗಿನ ಅಲುಗಾಟ ಅವುಗಳ ವ್ಯತ್ಯಾಸವಾಗಿಯೂ ಬರುವಂತೆ ಜೋಡಿಸಬಹುದು. ಹಾಗಾಗಿ ಮಾಮೂಲಿ ಮೋನೋ ರೆಕಾರ್ಡನ್ನು ಸ್ಟೀರಿಯೋ ಪ್ಲೇಯರಿನಲ್ಲಿ ಹಾಕಿದರೂ ಹಾಡು ಹಾಡಾಗಿಯೇ ಕೇಳುತ್ತದೆ.

ಮೈಕಿನಿಂದ ಹಿಡಿದು ಸರ್ಕ್ಯೂಟು, ಕೊರೆಯುವ ಯಂತ್ರ, ಸಿನಿಮಾ ಫಿಲ್ಮಿನವರೆಗೆ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ತುಂಬಿ 1931ರ ಡಿಸೆಂಬರ್ 14ರಂದು ಸಲ್ಲಿಸಿದರು. ಬ್ರಿಟಿಷ್ ಪೇಟೆಂಟ್ ಸಂಖ್ಯೆ 394325, ಒಟ್ಟು 70 ಕ್ಲೇಮುಗಳು. ಸ್ಟೀರಿಯೋ ಎಂಬ ಮಾತು ಅದರಲ್ಲಿಲ್ಲ, ಅವರು ಬಳಸಿದ್ದು ಬೈನಾರಲ್ ಎಂಬ ಪದ. ಆಗ ಅವರಿಗೆ 28 ವರ್ಷ. ನಮ್ಮಲ್ಲಿ ಎಂ.ಟೆಕ್ ಮುಗಿಸಿ ಪಿಎಚ್‌ಡಿಗೆ ಗೈಡ್ ಹುಡುಕುತ್ತಿರುವ ಸೀನಿಯರುಗಳ ವಯಸ್ಸು.

ಯಾರಿಗೂ ಬೇಡವಾದ ಸ್ಟೀರಿಯೋ

1933ರ ಕೊನೆಗೆ ಸ್ಟೀರಿಯೋ ತಟ್ಟೆಗಳು ತಯಾರಾದವು. 1934ರ ಜನವರಿಯಲ್ಲಿ ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ಅವರ ವಾದ್ಯಮೇಳ ಮೊಜಾರ್ಟ್‌ನ ಜ್ಯೂಪಿಟರ್ ಸಿಂಫನಿಯನ್ನು ನುಡಿಸುತ್ತಿದ್ದಾಗ ಅದನ್ನು ಈ ವಿಧಾನದಲ್ಲಿ ಮುದ್ರಿಸಿಕೊಂಡರು. 1935ರಲ್ಲಿ ಪ್ರಯೋಗಕ್ಕಾಗಿ ಚಿಕ್ಕ ಚಿಕ್ಕ ಸ್ಟೀರಿಯೋ ಸಿನಿಮಾ ತೆಗೆದರು. ಒಂದರಲ್ಲಿ ಹೇಯ್ಸ್ ಸ್ಟೇಷನ್ನಿನಲ್ಲಿ ರೈಲು ಓಡುತ್ತದೆ. ಇನ್ನೊಂದರಲ್ಲಿ ಸಹೋದ್ಯೋಗಿಗಳೇ ಮಾತಾಡುತ್ತ ಆಚೀಚೆ ನಡೆದಾಡುತ್ತಾರೆ, ಮಾತೂ ಅವರ ಜೊತೆಗೇ ನಡೆಯುತ್ತದೆ.

ಎಲ್ಲ ಸರಿ. ಕೊಳ್ಳುವವರು? ಆರ್ಥಿಕ ಕುಸಿತದ ಕಾಲದಲ್ಲಿ ಒಂದು ಗ್ರಾಮೋಫೋನ್ ಕೊಳ್ಳುವುದೇ ಕಷ್ಟ. ಎರಡು ಆಂಪ್ಲಿಫೈಯರ್, ಎರಡು ಸ್ಪೀಕರ್ ಯಾರು ತಗೊಳ್ತಾರೆ ಮಾರಾಯ್ರೆ? ಕಂಪನಿ ಸ್ಟೀರಿಯೋವನ್ನು ಕಪಾಟಿಗೆ ಸೇರಿಸಿ, ಬ್ಲೂಮ್‌ಲೈನರನ್ನು ಟೆಲಿವಿಷನ್ ಕೆಲಸಕ್ಕೆ ಹಾಕಿತು.

ಇದೇ 1935ರಲ್ಲಿ ನಮ್ಮ ಮೈಸೂರಿನಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಪ್ರಸಾರ ಶುರುಮಾಡಿದ್ದರು. ಆಕಾಶವಾಣಿ ಎಂಬ ಹೆಸರು ಬಂದದ್ದು ಅಲ್ಲಿಂದಲೇ. ಮೈಸೂರಾಗಲಿ ಹೇಯ್ಸ್ ಆಗಲಿ, ಎಲ್ಲ ಕಡೆ ಆಗ ಕೆಲಸ ಮಾಡುತ್ತಿದ್ದದ್ದು ಒಂದೇ ವಸ್ತು: ಬಿಸಿಯಾಗಿ ಕೆಂಪಗೆ ಹೊಳೆಯುವ ಗಾಜಿನ ವಾಲ್ವು.

ಟೆಲಿವಿಷನ್ನಿನಲ್ಲಿ ಬ್ಲೂಮ್‌ಲೈನ್ ತಂಡದ ಕೆಲಸ ಗೆದ್ದಿತು. 1936ರ ನವೆಂಬರ್ 2ರಂದು ಬಿಬಿಸಿ ಪ್ರಸಾರ ಶುರು ಮಾಡಿದಾಗ ಬೇರ್ಡ್ ಕಂಪನಿಯ 240 ಗೆರೆಗಳ ಚಿತ್ರವನ್ನೂ ಮಾರ್ಕೋನಿ-ಇಎಂಐಯ 405 ಗೆರೆಗಳ ಚಿತ್ರವನ್ನೂ ಸರದಿಯಲ್ಲಿ ತೋರಿಸಿದರು. ಕೆಲವೇ ತಿಂಗಳಲ್ಲಿ 405 ಗೆರೆಯದ್ದೇ ಉಳಿಯಿತು. ಈ ಕೆಲಸದ ನಡುವೆ ಹುಟ್ಟಿದ ಎರಡು ಸರ್ಕ್ಯೂಟುಗಳು ಕೊನೆಗೆ ನಮ್ಮ ಊರಿನ ಪೆಟ್ಟಿಗೆಗಳ ತನಕ ಬಂದವು.

ಒಂದು, 1936ರ ಲಾಂಗ್-ಟೇಲ್ಡ್ ಪೇರ್. ಎರಡು ವಾಲ್ವುಗಳ ಕ್ಯಾಥೋಡ್ ಒಟ್ಟಿಗೆ ಸೇರಿಸಿ, ಅಲ್ಲಿಂದ ಕೆಳಕ್ಕೆ ಒಂದೇ ದೊಡ್ಡ ರೆಸಿಸ್ಟರ್. ಅದೇ ಉದ್ದ ಬಾಲ. ಎರಡೂ ಗ್ರಿಡ್ಡಿಗೆ ಒಂದೇ ಥರ ಬಂದ ಗಲಾಟೆಯನ್ನು ಬಾಲ ತಡೆಯುತ್ತದೆ, ವ್ಯತ್ಯಾಸ ಮಾತ್ರ ದಾಟುತ್ತದೆ. ಉದ್ದದ ಕೇಬಲ್ಲಿನಲ್ಲಿ ಬರುವ ಚಿತ್ರದ ಸಿಗ್ನಲ್ಲಿಗೆ ಅಂಟಿಕೊಂಡ ಗದ್ದಲವನ್ನು ಹೀಗೆ ಬಿಡಿಸಬಹುದು. ಅದಕ್ಕೂ ಸ್ವಲ್ಪ ಮೊದಲೇ ನರಗಳ ಸಣ್ಣ ಸಿಗ್ನಲ್ ಅಳೆಯುವವರು ವಾಲ್ವುಗಳನ್ನು ಜೋಡಿಯಾಗಿ ಬಳಸಿದ್ದುಂಟು. ಬಾಲವನ್ನು ಉದ್ದ ಮಾಡಿದ ಶ್ರೇಯಸ್ಸು ಬ್ಲೂಮ್‌ಲೈನರದ್ದು. ವಾಲ್ವ್ ತೆಗೆದು ಟ್ರಾನ್ಸಿಸ್ಟರ್ ಹಾಕಿ, ರೆಸಿಸ್ಟರ್ ಬದಲು ಕರೆಂಟ್ ಸೋರ್ಸ್ ಹಾಕಿದರೆ ನಮ್ಮ 741 ಆಪ್-ಆಂಪಿನ ಬಾಗಿಲು ಬಂತು. ವೈವಾದಲ್ಲಿ ಸಿಎಂಆರ್‌ಆರ್ ಅಂದರೇನು ಅಂತ ಕೇಳಿದಾಗ ತಡವರಿಸುವ ನಮಗೆ ಇದು ತೀರ ಹತ್ತಿರದ ನೆಂಟ.

ಇನ್ನೊಂದು, 1937ರ ಪೇಟೆಂಟ್. ಔಟ್‌ಪುಟ್ ವಾಲ್ವಿನ ಸ್ಕ್ರೀನ್ ಗ್ರಿಡ್ಡನ್ನು ನೇರ ಸಪ್ಲೈಗೆ ಕಟ್ಟುವ ಬದಲು ಟ್ರಾನ್ಸ್‌ಫಾರ್ಮರಿನ ಸುತ್ತಿನ ನಡುವೆ ಒಂದು ಟ್ಯಾಪ್ ತೆಗೆದು ಅದಕ್ಕೆ ಕಟ್ಟುವುದು. ಪೆಂಟೋಡಿನ ಶಕ್ತಿಯ ಬಹುಪಾಲು ಉಳಿಯುತ್ತದೆ, ಟ್ರಯೋಡಿನ ಶುದ್ಧತೆಯ ಹತ್ತಿರಕ್ಕೂ ಹೋಗುತ್ತದೆ. ಆಗ ಇದನ್ನು ಯಾರೂ ದೊಡ್ಡದಾಗಿ ಗಮನಿಸಲಿಲ್ಲ. 1951ರಲ್ಲಿ ಅಮೆರಿಕದ ಹ್ಯಾಫ್ಲರ್ ಮತ್ತು ಕೆರೋಸ್ ಇದೇ ಜೋಡಣೆಯನ್ನು ಅಲ್ಟ್ರಾ-ಲೀನಿಯರ್ ಎಂಬ ಹೆಸರಿನಲ್ಲಿ ಜನಪ್ರಿಯ ಮಾಡಿದರು.

ಒಟ್ಟು 128 ಪೇಟೆಂಟುಗಳು. ಕೆಲಸ ಮಾಡಿದ ಹದಿನೆಂಟು ವರ್ಷಕ್ಕೆ ಹಂಚಿದರೆ ಹೆಚ್ಚುಕಡಿಮೆ ಏಳು ವಾರಕ್ಕೊಂದು. ನಡುವೆ 1933ರಲ್ಲಿ ಮದುವೆ, ಆಮೇಲೆ ಇಬ್ಬರು ಗಂಡುಮಕ್ಕಳು. ವಿಮಾನ ಹಾರಿಸುವ ಹುಚ್ಚೂ ಇತ್ತು. ಅದಕ್ಕೆ ಲೈಸನ್ಸ್ ಕೂಡ ಪಡೆದಿದ್ದರು.

1942ರ ಜೂನ್ 7

ಎರಡನೇ ಮಹಾಯುದ್ಧ ಶುರುವಾದ ಮೇಲೆ ಹೇಯ್ಸ್‌ನ ಕೆಲಸ ರಾಡಾರಿನ ಕಡೆ ಹೊರಳಿತು. ಅದರಲ್ಲಿ ಎಚ್2ಎಸ್ ಎಂಬ ಯೋಜನೆ ತುಂಬ ಗುಟ್ಟಿನದು. ಕತ್ತಲಲ್ಲೂ ಮೋಡದ ಮೇಲೂ ಹಾರುವ ಬಾಂಬರ್ ವಿಮಾನದೊಳಗೆ ಕೂತು ಕೆಳಗಿನ ಊರು, ನದಿ, ಕರಾವಳಿಯ ನಕ್ಷೆಯನ್ನು ಪರದೆಯಲ್ಲಿ ನೋಡುವ ರಾಡಾರ್ ಅದು. ಅದರ ಜೀವ 10 ಸೆಂಟಿಮೀಟರ್ ಅಲೆ ಹೊರಡಿಸುವ ಕ್ಯಾವಿಟಿ ಮ್ಯಾಗ್ನೆಟ್ರಾನ್.

1942ರ ಜೂನ್ 7ರಂದು ಹ್ಯಾಲಿಫ್ಯಾಕ್ಸ್ ವಿ9977 ಎಂಬ ವಿಮಾನ ಈ ಯಂತ್ರ ಹೊತ್ತು ಪರೀಕ್ಷೆಗೆ ಡೆಫರ್ಡ್ ನಿಲ್ದಾಣದಿಂದ ಹಾರಿತು. ಬ್ಲೂಮ್‌ಲೈನ್, ಇಎಂಐಯ ಸಹೋದ್ಯೋಗಿಗಳಾದ ಸೆಸಿಲ್ ಬ್ರೌನ್ ಮತ್ತು ಫ್ರಾಂಕ್ ಬ್ಲೈಥನ್ ಸೇರಿ ಒಳಗೆ ಹನ್ನೊಂದು ಜನ. ಹಾರಾಟದ ನಡುವೆ ಬಲಬದಿಯ ಹೊರಗಿನ ಎಂಜಿನ್ನಿಗೆ ಬೆಂಕಿ ಹತ್ತಿತು. ಅದನ್ನು ಆರಿಸಲಾಗಲಿಲ್ಲ. ವಿಮಾನ ಹೆರೆಫರ್ಡ್‌ಶೈರಿನ ವೆಲ್ಷ್ ಬಿಕ್ನರ್ ಎಂಬ ಹಳ್ಳಿಯ ಬಳಿ ಬಿತ್ತು. ಯಾರೂ ಉಳಿಯಲಿಲ್ಲ. ಬ್ಲೂಮ್‌ಲೈನರಿಗೆ ಆಗ 38 ವರ್ಷ, ಮೂವತ್ತೊಂಬತ್ತಕ್ಕೆ ಮೂರೇ ವಾರ ಬಾಕಿ.

ತನಿಖೆಯಲ್ಲಿ ಕಂಡ ಕಾರಣ ಒಂದು ನಟ್ಟು. ಎಂಜಿನ್ನಿನ ಟ್ಯಾಪೆಟ್ ನಟ್ಟನ್ನು ಸರಿಯಾಗಿ ಬಿಗಿ ಮಾಡಿರಲಿಲ್ಲ. ಅದು ಸಡಿಲಾಗಿ ಇಂಧನ ಒಳಬಿಡುವ ವಾಲ್ವಿನ ಕಡ್ಡಿ ಮುರಿಯಿತು, ಬೆಂಕಿ ಹೊತ್ತಿತು. ಮೆಕ್ಯಾನಿಕಲ್ ಗೆಳೆಯರು ವರ್ಕ್‌ಶಾಪಿನಲ್ಲಿ ಟಾರ್ಕ್ ರೆಂಚ್ ಹಿಡಿಯುವಾಗ ಇದನ್ನೊಮ್ಮೆ ನೆನೆಯಬಹುದು.

ಅಪಘಾತದ ಜಾಗಕ್ಕೆ ಧಾವಿಸಿದವರಲ್ಲಿ ಬರ್ನಾರ್ಡ್ ಲವೆಲ್ ಒಬ್ಬರು. ಮುಂದೆ ಜೋಡ್ರೆಲ್ ಬ್ಯಾಂಕಿನ ದೊಡ್ಡ ರೇಡಿಯೋ ದೂರದರ್ಶಕ ಕಟ್ಟಿದವರು ಇವರೇ. ಗೆಳೆಯರು ಸತ್ತುಬಿದ್ದಿದ್ದ ಅವಶೇಷದಲ್ಲಿ ಅವರು ಮ್ಯಾಗ್ನೆಟ್ರಾನ್ ಹುಡುಕಬೇಕಾಯಿತು, ಗುಟ್ಟು ಹೊರಗೆ ಹೋಗಬಾರದು. ಶತ್ರುವಿಗೆ ತಿಳಿಯಬಾರದೆಂದು ಸಾವಿನ ಸುದ್ದಿಯನ್ನೂ ಮುಚ್ಚಿಟ್ಟರು. ಎಚ್2ಎಸ್ ಕೆಲಸ ಮಾತ್ರ ನಿಲ್ಲಲಿಲ್ಲ. 1943ರ ಜನವರಿಯ ಕೊನೆಗೆ ಅದು ಯುದ್ಧಕ್ಕೆ ಇಳಿಯಿತು. ಹ್ಯಾಂಬರ್ಗ್ ನಗರದ ಮೇಲೆ ಬಾಂಬು ಹಾಕಲು ದಾರಿ ತೋರಿಸಿದ್ದೂ ಅದೇ. ಈ ಮಾತನ್ನು ಬಿಟ್ಟು ಅವರ ಜೀವನ ಹೇಳಿದರೆ ಅರ್ಧ ಹೇಳಿದಂತೆ. ಹಾಡಿಗೆ ದಿಕ್ಕು ಕೊಟ್ಟ ಕೈಯೇ ಬಾಂಬಿಗೂ ದಿಕ್ಕು ಕೊಡುವ ಕೆಲಸದಲ್ಲಿತ್ತು.

ಕಪಾಟಿನಿಂದ ಹೊರಬಂದದ್ದು

ಹದಿನೈದು ವರ್ಷ ಕಳೆದ ಮೇಲೆ, 1957-58ರಲ್ಲಿ ಅಮೆರಿಕದ ಕಂಪನಿಗಳು ಸ್ಟೀರಿಯೋ ಎಲ್‌ಪಿ ರೆಕಾರ್ಡುಗಳನ್ನು ಮಾರುಕಟ್ಟೆಗೆ ತಂದವು. ಒಂದೇ ಗೆರೆ, ಎರಡು ಗೋಡೆ, 45-45 ಡಿಗ್ರಿ. 1931ರ ಅರ್ಜಿಯಲ್ಲಿ ಇದ್ದದ್ದೇ. ಅಷ್ಟರಲ್ಲಿ ಆ ಪೇಟೆಂಟಿನ ಅವಧಿ ಮುಗಿದಿತ್ತು. ಮನ್ನಣೆ ಬಂದದ್ದೂ ತಡವಾಗಿ. 1977ರಲ್ಲಿ ಅವರಿದ್ದ ಈಲಿಂಗ್‌ನ ಮನೆಗೆ ನೀಲಿ ಫಲಕ, 2015ರಲ್ಲಿ ಅಬ್ಬೆ ರೋಡ್‌ನಲ್ಲಿ ಐಇಇಇಯ ಮೈಲಿಗಲ್ಲು ಫಲಕ, 2017ರಲ್ಲಿ ತಾಂತ್ರಿಕ ಸಾಧನೆಗೆ ಗ್ರ್ಯಾಮಿ.

ಸ್ಟೀರಿಯೋ ಬಂದ ಹೊತ್ತಿಗೆ ಟ್ರಾನ್ಸಿಸ್ಟರ್ ಕೂಡ ಬೆಳೆಯುತ್ತಿತ್ತು. ಹಾಗಾಗಿ ವಾಲ್ವ್ ಸ್ಟೀರಿಯೋದ ಉಚ್ಛ್ರಾಯ ಹತ್ತು ಹದಿನೈದು ವರ್ಷದ್ದು ಅಷ್ಟೆ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೋ ವಾಲ್ವುಗಳನ್ನು ತಯಾರಿಸಲು ಶುರುಮಾಡಿತು. ಕರಾವಳಿಯ ಹಳೇ ರೇಡಿಯೋ ಬಿಚ್ಚಿದರೆ ಬಿಇಎಲ್ ಅಂತ ಅಚ್ಚಾದ ಗಾಜಿನ ಬುರುಡೆ ಸಿಗುವುದು ಈ ಕಾರಣಕ್ಕೆ.

ಪೆಟ್ಟಿಗೆ ಗುರುತಿಸುವುದು ಹೇಗೆ

ಕಳೆದ ರಜೆಯಲ್ಲಿ ಉಚ್ಚಿಲದ ಒಂದು ಮನೆಯಲ್ಲಿ ಇಂಥದೊಂದು ಪೆಟ್ಟಿಗೆ ನೋಡಲು ನಾವು ಮೂವರು ಹೋಗಿದ್ದೆವು. ಹೆಸರಿನ ಪಟ್ಟಿ ಇಲ್ಲ. ಹಿಂದಿನ ಹಾರ್ಡ್‌ಬೋರ್ಡಿಗೆ ಅಂಟಿಸಿದ್ದ ಸರ್ಕ್ಯೂಟಿನ ಕಾಗದವನ್ನು ಗೆದ್ದಲು ತಿಂದಿತ್ತು. ಮನೆಯ ಹಿರಿಯಮ್ಮನಿಗೆ ಗೊತ್ತಿದ್ದದ್ದು ಇಷ್ಟು: ಭಾವ ಬೊಂಬಾಯಿಯಿಂದ ತಂದದ್ದು, ಎರಡು ಬದಿಯಲ್ಲಿ ಬೇರೆ ಬೇರೆ ಸದ್ದು ಬರುತ್ತಿತ್ತು. ಗುಜರಿಯವನು ಒಳಗಿನ ತಾಮ್ರಕ್ಕೆ ಆಗಲೇ ರೇಟು ಹೇಳಿ ಹೋಗಿದ್ದ. ಅಲ್ಲಿ ನಾವು ಮಾಡಿದ ಕ್ರಮವನ್ನೇ ಇಲ್ಲಿ ಬರೆಯುತ್ತೇವೆ.

ಮೊದಲ ಮಾತು, ಪ್ಲಗ್ ಹಾಕಬೇಡಿ. ಕಡಲ ಗಾಳಿಗೆ ಐವತ್ತು ವರ್ಷ ಕೂತ ಕೆಪಾಸಿಟರ್ ಒಮ್ಮೆಗೇ ಕರೆಂಟ್ ಕೊಟ್ಟರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರ್ ಸುಡಬಹುದು. ಒಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ ಅದು ಉಳಿಯುತ್ತದೆ. ಗೊತ್ತಿರುವ ಹಿರಿಯರಿಲ್ಲದೆ, ಸೀರೀಸ್ ಬಲ್ಬ್ ಇಲ್ಲದೆ ಚಾಲೂ ಮಾಡುವ ಸಾಹಸ ಬೇಡ. ಗುರುತಿಸಲು ಕರೆಂಟೂ ಬೇಡ, ಟಾರ್ಚ್ ಸಾಕು.

ಎರಡನೆಯದು, ವಾಲ್ವಿನ ನಂಬರ್ ಬರೆದುಕೊಳ್ಳಿ. ಯುರೋಪಿನ ಕ್ರಮದಲ್ಲಿ ಮೊದಲ ಅಕ್ಷರ ಹೀಟರಿನದು. ಇ ಅಂದರೆ 6.3 ವೋಲ್ಟ್. ಯು ಅಂದರೆ 100 ಮಿಲಿಆಂಪಿಯರ್, ಎಲ್ಲ ಹೀಟರ್ ಸಾಲಾಗಿ. ಯು ಸಾಲಿನ ಸೆಟ್ಟುಗಳಲ್ಲಿ ಚಾಸಿಯೇ ನೇರ ಮೇನ್ಸಿಗೆ ಸೇರಿರಬಹುದು, ಇನ್ನೂ ಹುಷಾರು. ನಂತರದ ಅಕ್ಷರ ಒಳಗೇನಿದೆ ಅಂತ ಹೇಳುತ್ತದೆ. ಸಿ ಟ್ರಯೋಡ್, ಎಫ್ ಸಣ್ಣ ಪೆಂಟೋಡ್, ಎಲ್ ಔಟ್‌ಪುಟ್ ಪೆಂಟೋಡ್, ಝಡ್ ರೆಕ್ಟಿಫೈಯರ್, ಎಂ ಅಂದರೆ ಸ್ಟೇಷನ್ ಹಿಡಿದಾಗ ಹಸಿರು ಹೊಳೆಯುವ ಮ್ಯಾಜಿಕ್ ಕಣ್ಣು. ಇಸಿಸಿ83 ಅಂದರೆ 6.3 ವೋಲ್ಟಿನಲ್ಲಿ ಓಡುವ ಎರಡು ಟ್ರಯೋಡ್ ಒಂದೇ ಬುರುಡೆಯಲ್ಲಿ. ಅಂಕಿ 80ರ ಸಾಲಿನದಾದ್ದರಿಂದ ಒಂಬತ್ತು ಪಿನ್ನು.

ಮೂರನೆಯದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಎಣಿಸಿ. ಒಂದೇ ಇದ್ದರೆ ಬಹುತೇಕ ಮೋನೋ. ಒಂದೇ ಥರದ್ದು ಎರಡಿದ್ದರೆ ಸ್ಟೀರಿಯೋ. ಎರಡು ಸ್ಪೀಕರ್ ಇದ್ದ ಮಾತ್ರಕ್ಕೆ ಸ್ಟೀರಿಯೋ ಅಲ್ಲ, ಮೋನೋ ಸೆಟ್ಟಿನಲ್ಲೂ ಎರಡು ಮೂರು ಸ್ಪೀಕರ್ ಇರುತ್ತವೆ. ಮುಂದೆ ಬ್ಯಾಲೆನ್ಸ್ ನಾಬ್ ಇದ್ದರೆ ಅದೂ ಸಾಕ್ಷಿ.

ನಾಲ್ಕನೆಯದು, ಬ್ಲೂಮ್‌ಲೈನ್ ಗುರುತುಗಳು. ರೆಕಾರ್ಡ್ ಪ್ಲೇಯರಿನ ಕೈ ಎತ್ತಿ ತಲೆಯ ಹಿಂದೆ ನೋಡಿ. ಮೋನೋಗೆ ಎರಡು ತಂತಿ ಸಾಕು, ಸ್ಟೀರಿಯೋಗೆ ಮೂರು ಅಥವಾ ನಾಲ್ಕು ಇರುತ್ತದೆ. ಅದು ಎರಡು ಗೋಡೆಯ ಗುರುತು. ಚಾನೆಲಿಗೆ ಎರಡೆರಡು ಇಎಲ್84 ಇದ್ದರೆ ಅದು ಪುಶ್-ಪುಲ್. ಅವುಗಳ ಹಿಂದಿನ ಇಸಿಸಿ83ಯ ಎರಡು ಕ್ಯಾಥೋಡ್ ಸೇರಿ ಒಂದೇ ದೊಡ್ಡ ರೆಸಿಸ್ಟರಿಗೆ ಹೋಗಿದ್ದರೆ ಅದು ಲಾಂಗ್-ಟೇಲ್ಡ್ ಪೇರ್. ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ವಾಲ್ವ್ ಕಡೆಯಿಂದ ಮೂರರ ಬದಲು ಐದು ತಂತಿ ಹೊರಟು, ಎರಡು ಸ್ಕ್ರೀನ್ ಗ್ರಿಡ್ಡಿಗೆ ಹೋಗಿದ್ದರೆ ಅದು ಅಲ್ಟ್ರಾ-ಲೀನಿಯರ್. ಮಲ್ಲಾರ್ಡ್ ಕಂಪನಿ 1950ರ ದಶಕದಲ್ಲಿ ಪ್ರಕಟಿಸಿದ, ಐದು ವಾಲ್ವಿನಿಂದ ಹತ್ತು ವಾಟ್ ಕೊಡುವ 5-10 ಎಂಬ ಪ್ರಸಿದ್ಧ ನಕ್ಷೆ ಇದೇ ಕುಟುಂಬದ್ದು. ಮನೆಯಲ್ಲೇ ಆಂಪ್ಲಿಫೈಯರ್ ಕಟ್ಟುತ್ತಿದ್ದವರಿಗೆ ಅದು ಚಿರಪರಿಚಿತ.

ಉಚ್ಚಿಲದ ಪೆಟ್ಟಿಗೆಯಲ್ಲಿ ಆಡಿಯೋ ಬದಿಗೆ ನಮಗೆ ಸಿಕ್ಕಿದ್ದು ಎರಡು ಇಸಿಸಿ83, ಎರಡು ಇಎಲ್84, ಒಂದು ಇಝಡ್81. ಅಂದರೆ ಚಾನೆಲಿಗೆ ಒಂದೇ ಔಟ್‌ಪುಟ್ ವಾಲ್ವು. ಪುಶ್-ಪುಲ್ ಇಲ್ಲ, ಹಾಗಾಗಿ ಉದ್ದ ಬಾಲವೂ ಇಲ್ಲ, ಐದು ತಂತಿಯೂ ಇಲ್ಲ. ಸಾಧಾರಣ ದುಡಿಮೆಗಾರ ಕೊಳ್ಳಬಹುದಾದ ಸರಳ ಸ್ಟೀರಿಯೋ. ಆದರೆ ಪ್ಲೇಯರಿನ ತಲೆಯಿಂದ ನಾಲ್ಕು ತೆಳು ತಂತಿಗಳು ಹೊರಟಿದ್ದವು. ಕಂಪನಿ ಯಾವುದೆಂದು ತಿಳಿಯುವ ಮೊದಲೇ ಒಬ್ಬ ಎಂಜಿನಿಯರಿನ ವಿಳಾಸ ಸಿಕ್ಕಿತ್ತು.

ಹಿರಿಯಮ್ಮ ಪೆಟ್ಟಿಗೆಯನ್ನು ಗುಜರಿಗೆ ಕೊಡುವುದಿಲ್ಲ ಅಂದಿದ್ದಾರೆ. ನಮ್ಮ ಗುಂಪಿನ ಪಟ್ಟಿಯಲ್ಲಿ ಈಗ ಮೂರು ಕೆಲಸ ಬಾಕಿ: ಸಪ್ಲೈಯ ಕೆಪಾಸಿಟರ್ ಬದಲಿಸುವುದು, ಉಪ್ಪುಗಾಳಿಗೆ ಹಸಿರು ಹಿಡಿದ ವಾಲ್ವ್ ಸಾಕೆಟ್ಟಿನ ಪಿನ್ನುಗಳನ್ನು ಉಜ್ಜುವುದು, ಮತ್ತು ಚಾಸಿಯ ಅಡಿಯಲ್ಲಿ ತುಕ್ಕಿನ ಕೆಳಗೆ ಅರ್ಧ ಕಾಣುವ ಸೀರಿಯಲ್ ನಂಬರಿನಿಂದ ತಯಾರಕರನ್ನು ಹುಡುಕುವುದು. ನಿಮ್ಮ ಅಜ್ಜಿಮನೆಯಲ್ಲೂ ಇಂಥದ್ದೊಂದು ಇದ್ದರೆ ವಾಲ್ವಿನ ನಂಬರುಗಳನ್ನೂ ಹಿಂಬದಿಯ ಫೋಟೋವನ್ನೂ ಕನ್ನಡ ಸಂಘಕ್ಕೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಒಟ್ಟಿಗೆ ಕೂತು ಗುರುತಿಸೋಣ. ಗುಜರಿಯವನು ಬರುವ ಮೊದಲು ಆದರೆ ಒಳ್ಳೆಯದು.